ಮದುವೆಗೆ ಬರೋಲ್ಲ ಅಂದರೆ ಸೊಕ್ಕಲ್ಲ

ಮಂಡಿನೋವಿನವರು ಮದುವೆಗೆ ಬರೋಲ್ಲ ಅಂದರೆ ಎಷ್ಟೋ ಸಲ ಕಾರಣ ಛತ್ರದ ಕಕ್ಕಸು. ಕುಕ್ಕರಗಾಲಲ್ಲಿ ಕೂತರೆ ಏಳಕ್ಕಾಗಲ್ಲ, ಹೇಳಿಕೊಳ್ಳಲು ನಾಚಿಕೆ. ಮೊದಲು ನೀರು ಕುಡಿಯುವುದು ಕಮ್ಮಿಯಾಗುತ್ತದೆ, ಆಮೇಲೆ ನೆಂಟರ ಮನೆ ಬಿಟ್ಟುಹೋಗುತ್ತದೆ, ಕೊನೆಗೆ ಮೂಡಿಗೆರೆ ಸಂತೆಯೂ ಬೇಡ. ಮನೆಯವರು 'ವಯಸ್ಸಾಯ್ತು, ಸಿಡುಕು' ಅಂದುಕೊಳ್ಳುತ್ತಾರೆ. ಖಿನ್ನತೆ ಬಹಳ ಸಲ ಹೀಗೇ ಒಳಗೆ ಬರುತ್ತದೆ. ಮಡಚುವ ಕಮೋಡ್ ಕುರ್ಚಿ ಜೀಪಿಗೆ ಹಾಕಿಕೊಂಡರೆ ಅರ್ಧ ಚಿಂತೆ ಕಳೆಯಿತು.

ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತದ್ದು ಬೇರೆ ಲೆಕ್ಕ. ಕೀಲು ಊದಿಸುವ ಉರಿಯೂತದ ರಾಸಾಯನಿಕಗಳು ಮಿದುಳಿನ ಮೇಲೂ ಪರಿಣಾಮ ಬೀರುತ್ತವೆ. ಸುಸ್ತು, ನಿರುತ್ಸಾಹ ಅದರ ಭಾಗ. ಎದ್ದು ಒಂದು ಗಂಟೆಯಾದರೂ ಬೆರಳು ಮಡಚಲಾಗದವರಿಗೆ 'ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಅನ್ನುವುದು ದಂಡ. ನೋವಿಗೆ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟರೆ ಮರುದಿನ ಅಷ್ಟೇ ನೋವು ದುಪ್ಪಟ್ಟು ಅನ್ನಿಸುತ್ತದೆ. ಉರಿಯೂತ ತಗ್ಗಿಸಲು ಕೊಡುವ ಸ್ಟಿರಾಯ್ಡ್ ಪ್ರೆಡ್ನಿಸೊಲೋನ್ ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗುವ ಮಾತ್ರೆ. ರಾತ್ರಿ ನುಂಗಿದರೆ ನಿದ್ದೆ ಹಾರುತ್ತದೆ. ಈ ಮಾತ್ರೆಯಿಂದ ಮನಸ್ಸಿನ ಸ್ಥಿತಿಯೂ ಏರುಪೇರಾಗಬಹುದು. ಹಾಗಂತ ತಾವಾಗಿಯೇ ದಿಢೀರನೆ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. ಸುಸ್ತು ಬಿಡದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿ.

ಕಾಫಿ ಕುಯ್ಲಿನ ಕಾಲದಲ್ಲಿ ಆಗುವ ತಪ್ಪು ಒಂದೇ. ನೋವು ಕಮ್ಮಿಯಿದ್ದ ದಿನ ಬಾಕಿಯೆಲ್ಲ ಮುಗಿಸಿ, ಮೂರು ದಿನ ಹಾಸಿಗೆ ಹಿಡಿದು, 'ನನ್ನಿಂದ ಇನ್ನೇನೂ ಆಗಲ್ಲ' ಎಂಬ ತೀರ್ಮಾನಕ್ಕೆ ಬರುವುದು. ಒಳ್ಳೆಯ ದಿನವೂ 20 ನಿಮಿಷ ಕೆಲಸ, 5 ನಿಮಿಷ ಕೂರುವುದು ಅಂತ ಇಟ್ಟುಕೊಳ್ಳಬೇಕು. ನೋವು ಶುರುವಾದ ಮೇಲೆ ಕೂತರೆ ತಡವಾಯಿತು.

ಅಡುಗೆಮನೆಯಲ್ಲಿ ಮಾತ್ರ ಉಲ್ಟಾ. 'ನೀವು ಕೂತ್ಕೊಳ್ಳಿ ಅಮ್ಮ, ನಾವು ಮಾಡ್ತೀವಿ' ಎಂದು ಎಲ್ಲ ಕಿತ್ತುಕೊಳ್ಳುತ್ತಾರೆ. ಪ್ರೀತಿಯೇ, ಆದರೆ ಆಕೆಗೆ ಇಡೀ ದಿನ ಗೋಡೆ ನೋಡುವ ಕೆಲಸ ಉಳಿಯುತ್ತದೆ. ಅಕ್ಕಿ ರೊಟ್ಟಿಯಲ್ಲಿ ಮಣಿಕಟ್ಟಿಗೆ ಹೊರೆ ಬೀಳುವುದು ಉಕ್ಕರಿಸಿದ ಹಿಟ್ಟು ನಾದುವಾಗ. ಅದನ್ನು ಸೊಸೆ ನಾದಲಿ. ಸ್ಟೂಲಿನ ಮೇಲೆ ಕೂತು ಬೇಯಿಸುವುದು ಅಮ್ಮನ ಕೈಯಲ್ಲೇ ಇರಲಿ.

ಬರೀ ನೋವೋ, ಖಿನ್ನತೆಯೋ? ನೋವು ಇಳಿದ ದಿನವೂ ಮೊಮ್ಮಗು ಬಂದರೆ ಖುಷಿಯಿಲ್ಲ, ಊಟ ರುಚಿಸಲ್ಲ, ಎರಡು ವಾರ ಹೀಗೇ ಅಂದರೆ ಕೀಲಿನ ವೈದ್ಯರಿಗೇ ಬಾಯಿಬಿಟ್ಟು ಹೇಳಿ. ಡುಲಾಕ್ಸೆಟಿನ್ ಥರದ ಮಾತ್ರೆ ಖಿನ್ನತೆಗೂ ಕೆಲವು ಬಗೆಯ ನೋವಿಗೂ ಕೊಡುವಂಥದ್ದು. ಬೇಕೋ ಬೇಡವೋ ಅವರು ನೋಡುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 'ಬದುಕಿ ಏನು ಪ್ರಯೋಜನ' ಎಂಬ ಮಾತು ಬಾಯಿಗೆ ಬಂದರೆ ಅವರನ್ನು ಒಂಟಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.