ಅಳಿಸಿ ಹಾಕಿದ 0 = 0

ಕೊಡಗಿನ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮೇಷ್ಟ್ರು. ನಮ್ಮ ಮಕ್ಕಳಲ್ಲಿ ತುಂಬಾ ಜನ ಕಾಫಿ ತೋಟದ ಲೈನ್ ಮನೆಗಳಿಂದ ಬರುವವರು. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗುವುದನ್ನು ನೋಡಿ ಬೆಳೆದವರು. ಹಾಗಾಗಿ ಹತ್ತನೇ ಕ್ಲಾಸಿನ ಸಮೀಕರಣಗಳ ಜೋಡಿಗೆ ತೋಟದ್ದೇ ಲೆಕ್ಕ ಕೊಡುತ್ತೇನೆ.

ಒಂದು ದಿನ ಬೋರ್ಡಿನ ಮೇಲೆ ಹೀಗೆ ಬರೆದೆ. ಮೊದಲ ದಿನ 3 ದೊಡ್ಡ ಚೀಲ, 2 ಸಣ್ಣ ಚೀಲ ಹಣ್ಣು, ಒಟ್ಟು 260 ಕೆಜಿ. ಮರುದಿನ 6 ದೊಡ್ಡದು, 4 ಸಣ್ಣದು, 520 ಕೆಜಿ. ಒಂದೊಂದು ಚೀಲದ ತೂಕ ಎಷ್ಟು?

ಒಬ್ಬ 60, 40 ಅಂದ. ಸರಿ ಅಂದೆ. ಇನ್ನೊಬ್ಬ 56, 46 ಅಂದ. ತಪ್ಪು ಅಂದುಬಿಟ್ಟೆ. "ಹಾಕಿ ನೋಡಿ ಸಾರ್" ಅಂದ. 168ಕ್ಕೆ 92 ಸೇರಿಸಿದರೆ 260. ಮರುದಿನದ್ದೂ ಸರಿಯಾಗಿ ಕೂತಿತು!

ಎರಡನೇ ಬೆಂಚಿನ ಹುಡುಗಿ ಹಾಳೆ ಹರಿಯುವಷ್ಟು ರಬ್ಬರ್ ತಿಕ್ಕಿದ್ದಳು. ಬೆಳಕಿಗೆ ಹಿಡಿದರೆ ಪೆನ್ಸಿಲಿನ ಅಚ್ಚು ಕಾಣುತ್ತಿತ್ತು: 0 = 0. "ಎಲ್ಲಾ ಹೋಗಿಬಿಡ್ತು ಸಾರ್, ತಪ್ಪಾಯ್ತು ಅಂತ ಅಳಿಸಿದೆ" ಅಂದಳು.

ಅವಳದ್ದು ತಪ್ಪಲ್ಲ. ಮೊದಲ ಸಾಲನ್ನು 2ರಿಂದ ಗುಣಿಸಿ ಎರಡನೆಯದರಿಂದ ಕಳೆದಿದ್ದಳು. ವರ್ಜಿಸುವ ವಿಧಾನ ಅಂದರೆ ಅದೇ ಅಲ್ವಾ? ತಪ್ಪಿದ್ದದ್ದು ನನ್ನ ಲೆಕ್ಕದಲ್ಲಿ. ಎರಡನೇ ಸಾಲು ಮೊದಲಿನದರ ದುಪ್ಪಟ್ಟು, ಅಷ್ಟೇ. ಹೊಸ ಸುದ್ದಿ ಏನೂ ಇಲ್ಲ. ನಕ್ಷೆ ಎಳೆದರೆ ಎರಡೂ ಒಂದೇ ಗೆರೆ, ಉತ್ತರಗಳು ಲೆಕ್ಕವಿಲ್ಲದಷ್ಟು. 520ರ ಜಾಗದಲ್ಲಿ 500 ಇದ್ದಿದ್ದರೆ 0 = -20 ಬರುತ್ತಿತ್ತು. ಆಗ ಗೆರೆಗಳು ಸಮಾಂತರ, ಉತ್ತರವೇ ಇಲ್ಲ. ಇದನ್ನೆಲ್ಲ ಅವತ್ತೇ ಹೇಳಿ, ಕ್ಲಾಸಿನ ಎದುರೇ ಅವಳ ಹತ್ತಿರ ಕ್ಷಮೆ ಕೇಳಿದೆ.

ಮರುದಿನ ಗಣಿತಜ್ಞ ಮಹಾವೀರಾಚಾರ್ಯರ ಲೆಕ್ಕ ತಂದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಇದ್ದವರು. 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107. 7 ಮಾದಲ, 9 ಬೇಲಕ್ಕೆ 101. ಇಲ್ಲಿ ಎರಡು ಸಾಲೂ ಬೇರೆ ಬೇರೆ ಮಾತು ಹೇಳುತ್ತವೆ. ಕೂಡಿಸಿದರೆ ಎರಡೂ ಹದಿನಾರು ಹದಿನಾರು, ಬೆಲೆ 208. ಅಂದರೆ ಒಂದೊಂದು ಹಣ್ಣು ಸೇರಿ 13. ಕಳೆದರೆ ಎರಡೆರಡು ಹಣ್ಣಿನ ವ್ಯತ್ಯಾಸ 6, ಅಂದರೆ ಒಂದೊಂದರದ್ದು 3.

ಅದೇ ಹುಡುಗಿ 8, 5 ಅಂತ ಬರೆದಳು. ಕೆಳಗೆ 72 + 35 = 107, 56 + 45 = 101 ಅಂತ ತಾಳೆಯನ್ನೂ ನೋಡಿದ್ದಳು. ಪೆನ್ನಿನಲ್ಲಿ ಬರೆದಿದ್ದಳು.