ಚೀಟಿಯಲ್ಲಿ ಇಲ್ಲದ ಮಾತ್ರೆ

ಶಿವಮೊಗ್ಗದ ಆಸ್ಪತ್ರೆಯಿಂದ ಅಮ್ಮನನ್ನು ಡಿಸ್ಚಾರ್ಜ್ ಮಾಡಿದ ಬೆಳಿಗ್ಗೆ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದೆ. ಥೈರಾಯ್ಡ್ ಪೂರ್ತಿ ತೆಗೆದು ಎರಡು ದಿನ ಆಗಿತ್ತು. ಚೀಟಿಯಲ್ಲಿ ಇದ್ದದ್ದು ಥೈರಾಕ್ಸಿನ್, ಕ್ಯಾಲ್ಸಿಯಂ, ನೋವಿಗೆ ಪ್ಯಾರಾಸಿಟಮಾಲ್. ಅಷ್ಟೇ.

"ಆಂಟಿಬಯೋಟಿಕ್ಕೇ ಬರೆದಿಲ್ವಲ್ಲೇ!" ಜೊತೆಗಿದ್ದ ದೊಡ್ಡಮ್ಮನಿಗೆ ಗಾಬರಿ. "ಕುತ್ತಿಗೆ ಕೊಯ್ದಿದ್ದಾರೆ. ಕೀವು ಆದ್ರೆ ಏನ್ ಗತಿ?"

"ಡಾಕ್ಟ್ರು ಮರೆತಿರ್ಬೇಕು, ಐದು ದಿನಕ್ಕೆ ಕೊಡ್ತೀನಿ" ಅಂತ ಅಂಗಡಿಯವರು ಒಂದು ಸ್ಟ್ರಿಪ್ ಮುಂದಿಟ್ಟರು. ಅದರ ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ. ಚೀಟಿ ಇಲ್ಲದೆ ತಗೋಬಾರದು ಅನ್ನುವುದಕ್ಕೇ ಇರುವ ಗೆರೆ ಅದು. ನಾನು ಆಗಲೇ ಪರ್ಸ್ ತೆರೆದಿದ್ದೆ.

ಅಪ್ಪನ ನೆನಪಾಯಿತು. ಮೂರು ವರ್ಷದ ಹಿಂದೆ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಅವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಗಾಯ ಚೆನ್ನಾಗಿ ಒಣಗುತ್ತಿದ್ದರೂ ಹತ್ತು ದಿನ ಎರಡೆರಡು ಆಂಟಿಬಯೋಟಿಕ್ ನುಂಗಿಸಿದ್ದರು. ಆಪರೇಷನ್ನಿಗೆ ಹೆದರದ ಅಪ್ಪ ಆಮೇಲಿನ ಭೇದಿಗೆ ಹಣ್ಣಾಗಿಬಿಟ್ಟರು. ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದರು. ಕೊನೆಗೆ ಡ್ರಿಪ್ ಹಾಕಿಸಬೇಕಾಯಿತು.

ಪರ್ಸ್ ಮುಚ್ಚಿ ಸರ್ಜನ್ ಹತ್ತಿರ ವಾಪಸ್ ಹೋದೆ. ಮೇಡಂ ಸಿಟ್ಟಾಗಲಿಲ್ಲ. ಕುರ್ಚಿ ತೋರಿಸಿ ಕೂರಿಸಿಕೊಂಡು ಹೇಳಿದರು.

"ನಿಮ್ಮಮ್ಮನದು ಕ್ಲೀನ್ ಆಪರೇಷನ್. ಬಾಯಿ, ಶ್ವಾಸನಾಳ, ಕರುಳು ಯಾವುದನ್ನೂ ತೆರೆದಿಲ್ಲ. ಕುತ್ತಿಗೆಗೆ ರಕ್ತ ಚೆನ್ನಾಗಿ ಹರಿಯುತ್ತೆ, ಗಾಯ ಬೇಗ ಕೂಡುತ್ತೆ. ಸೋಂಕು ಆಗೋದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ. ಅವರಿಗೆ ಶುಗರ್ ಕೂಡ ಇಲ್ಲ. ಮುನ್ನೆಚ್ಚರಿಕೆಗೆ ಆಂಟಿಬಯೋಟಿಕ್ ಬೇಕು ಅನ್ನಿಸಿದವರಿಗೆ ಚರ್ಮ ಕೊಯ್ಯೋ ಮುಂಚಿನ ಒಂದು ಗಂಟೆಯೊಳಗೆ ಒಂದು ಇಂಜೆಕ್ಷನ್ ಕೊಡ್ತೀವಿ. ಬ್ಲೇಡ್ ಇಡೋ ಹೊತ್ತಿಗೆ ಔಷಧಿ ರಕ್ತದಲ್ಲಿರಬೇಕು. ಹೊಲಿಗೆ ಹಾಕಿ ಮನೆಗೆ ಹೋದ ಮೇಲೆ ನುಂಗಿದರೆ ಗಾಯಕ್ಕೆ ಲಾಭ ಇಲ್ಲ."

ಆಮೇಲೆ ಓದಿ ನೋಡಿದೆ. ಆಪರೇಷನ್ ಮುಗಿದ ಮೇಲೆ ಮುನ್ನೆಚ್ಚರಿಕೆಯ ಆಂಟಿಬಯೋಟಿಕ್ ಮುಂದುವರಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಇನ್ನೊಂದು ವಿಷಯ ನನ್ನನ್ನು ತುಂಬಾ ಹಿಡಿದು ನಿಲ್ಲಿಸಿತು. ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಸರ್ಜನ್ ಥಿಯೊಡರ್ ಕೋಷರ್ ಅವರಿಗೆ ಥೈರಾಯ್ಡ್ ಕೆಲಸಕ್ಕೆ ನೊಬೆಲ್ ಬಂದದ್ದು 1909ರಲ್ಲಿ. ಪೆನಿಸಿಲಿನ್ ಅನ್ನುವ ಆಂಟಿಬಯೋಟಿಕ್ ಕಂಡುಹಿಡಿದದ್ದು 1928ರಲ್ಲಿ! ಒಂದು ಕಾಲದಲ್ಲಿ ಜನ ಹೆದರಿ ನಡುಗುತ್ತಿದ್ದ ಈ ಆಪರೇಷನ್ನಿನಲ್ಲಿ ಸಾವನ್ನು ನೂರಕ್ಕೆ ಒಂದಕ್ಕಿಂತ ಕೆಳಗೆ ತಂದವರು ಅವರು. ಒಂದೊಂದೇ ರಕ್ತನಾಳ ಕಟ್ಟುತ್ತಾ, ನಿಧಾನವಾಗಿ, ಅಷ್ಟು ಶುದ್ಧವಾಗಿ ಕೆಲಸ ಮಾಡುತ್ತಿದ್ದರಂತೆ.

ಮೇಡಂ ಚೀಟಿಯ ಹಿಂದೆ ಬೇರೆಯದೇ ಬರೆದುಕೊಟ್ಟರು. ಕುತ್ತಿಗೆ ಊದಿ ಉಸಿರು ಕಟ್ಟಿದರೆ ತಕ್ಷಣ ಬನ್ನಿ. ಗಾಯ ಕೆಂಪಾದರೆ, ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ತೋರಿಸಿ. ಬೆರಳು, ತುಟಿ ಜುಮ್ಮೆಂದರೆ ಫೋನ್ ಮಾಡಿ. ನನಗೆ ಬೇಕಾಗಿದ್ದದ್ದು ಇದು, ಆ ಸ್ಟ್ರಿಪ್ ಅಲ್ಲ. ಎಲ್ಲ ಮನೆಯವರಿಗೂ ಇಷ್ಟು ಬರೆದುಕೊಟ್ಟರೆ ಎಷ್ಟು ಭಯ ಕಡಿಮೆ ಆಗುತ್ತೆ ಅಲ್ವಾ?

ತೀರ್ಥಹಳ್ಳಿಯ ಮನೆಗೆ ಬಂದ ರಾತ್ರಿ ಎರಡು ಗಂಟೆಗೆ ಅಮ್ಮ ಎಬ್ಬಿಸಿದರು. "ಬೆರಳ ತುದಿಯೆಲ್ಲ ಇರುವೆ ಹರಿದ ಹಾಗೆ ಆಗ್ತಿದೆ ಕಣೇ. ತುಟಿನೂ." ಮೇಡಂಗೆ ಫೋನ್ ಮಾಡಿದೆ. ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಪುಟ್ಟ ಗ್ರಂಥಿಗಳಿವೆ, ಆಪರೇಷನ್ ಆದ ಮೇಲೆ ಅವು ಸ್ವಲ್ಪ ದಿನ ಮಂಕಾಗುತ್ತವೆ, ಕ್ಯಾಲ್ಸಿಯಂ ಇಳಿಯುತ್ತೆ ಅಂದರು. ಈಗಲೇ ಕ್ಯಾಲ್ಸಿಯಂದು ಎರಡು ಮಾತ್ರೆ ಕೊಡಿ, ಕಡಿಮೆಯಾಗದಿದ್ದರೆ ಕರೆತನ್ನಿ ಅಂದರು. ದೊಡ್ಡಮ್ಮನೇ ಎದ್ದು ನೀರು ತಂದರು. ಬೆಳಗಿನ ಹೊತ್ತಿಗೆ ಇರುವೆ ಹೋಗಿತ್ತು.

ಮಾಂಗಲ್ಯವನ್ನು ಅಮ್ಮ ಆಪರೇಷನ್ ದಿನದಿಂದ ಅರಿಶಿನ ದಾರದಲ್ಲಿ ಮಣಿಕಟ್ಟಿಗೆ ಕಟ್ಟಿಕೊಂಡಿದ್ದರು. ಹತ್ತನೇ ದಿನ ತೋರಿಸಿ ಬಂದ ಮೇಲೆ ದೊಡ್ಡಮ್ಮ ಅವರನ್ನು ಕಿಟಕಿಯ ಬೆಳಕಿಗೆ ಕರೆದರು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಕುತ್ತಿಗೆಯ ಮಡಿಕೆಯೊಳಗೆ ತೆಳುವಾದ ಒಣ ಗೆರೆ. ಆಮೇಲೆ ಏನೂ ಹೇಳದೆ ಅಮ್ಮನ ಕೈಯಿಂದ ದಾರ ಬಿಚ್ಚತೊಡಗಿದರು.