ಎಣ್ಣೆ ನೀರು, ಬಿಸಿ ದೋಸೆ, ಕೆರೆ ಏರಿ: 11ನೇ ವಾರದ ಲೆಕ್ಕ

ನನ್ನನ್ನೂ ನಾನು ನೋಡಿಕೊಳ್ಳಬೇಕು ಅಂತ ಹಿಡಿದ ಮೂರು ಅಭ್ಯಾಸಗಳ ಬಗ್ಗೆ ಹೋದ ಸಲ ಬರೆದಾಗ ನಾಲ್ಕನೇ ವಾರದಲ್ಲಿದ್ದೆ. ಈಗ 11ನೇದು ಮುಗೀತು. ಮಧ್ಯೆ ಬರೆಯೋಕೆ ಆಗಲಿಲ್ಲ, ಆದರೆ ಗುರುತು ಹಾಕೋದು ಮಾತ್ರ ಬಿಟ್ಟಿಲ್ಲ. ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರದೇ ಚೌಕಗಳಲ್ಲಿ ಎ, ಊ, ನ ಅಂತ ಮೂರು ಅಕ್ಷರ. ಎಣ್ಣೆ ನೀರು, ಕೂತು ಊಟ, ನಡಿಗೆ. ಅಷ್ಟೇ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ. ನಾನು ಮೈಸೂರಿನಲ್ಲಿ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ರಾತ್ರಿ ಹನ್ನೊಂದು ಗಂಟೆಗೆ ಸಿಂಕ್ ಪಕ್ಕ ನಿಂತು ಪಾತ್ರೆಯಿಂದಲೇ ಉಳಿದ ಅನ್ನ ತಿನ್ನುತ್ತಿದ್ದೆ. ಮಧ್ಯಾಹ್ನ ಊಟ ಮಾಡಿದ್ದೆನಾ ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಮ್ಮನ ಮಾತ್ರೆ ಯಾವ ಹೊತ್ತಿಗೆ ಯಾವುದು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ, ನನ್ನ ಊಟ ನನಗೆ ಗೊತ್ತಿಲ್ಲ. ಆ ದಿನ ಶುರುವಾಗಿದ್ದು ಇದು.

ಎಣ್ಣೆ ನೀರು: 11 ಭಾನುವಾರದಲ್ಲಿ 9. ಮೊದಲೆಲ್ಲ ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ, ವರ್ಷಕ್ಕೆ ಎರಡೇ ಆಗುತ್ತಿತ್ತು. ಈಗ ಒಂದು ಚಮಚ ಹರಳೆಣ್ಣೆಗೆ ಎರಡು ಚಮಚ ಕೊಬ್ಬರಿ ಎಣ್ಣೆ ಸೇರಿಸುತ್ತೇನೆ. ಬರೀ ಹರಳೆಣ್ಣೆ ಆದರೆ ಅಂಟು ಜಾಸ್ತಿ, ತೊಳೆಯೋದ್ರಲ್ಲೇ ಸುಸ್ತಾಗಿಬಿಡುತ್ತದೆ. ಬಟ್ಟಲನ್ನು ಬಿಸಿನೀರಲ್ಲಿ ಇಟ್ಟರೆ ಸಾಕು, ಬೆಚ್ಚಗಾಗುತ್ತದೆ. ನೆತ್ತಿಗೆ ತಟ್ಟಿ, ಕಿವಿ ಹಿಂದೆ, ಕುತ್ತಿಗೆ, ಭುಜ, ಕೊನೆಗೆ ಅಂಗಾಲು. ಆಮೇಲೆ ಅರ್ಧ ಗಂಟೆ ಸುಮ್ನೆ ಕೂರೋದು. ಈ ಅರ್ಧ ಗಂಟೆಯೇ ಮೊದಲ ವಾರಗಳಲ್ಲಿ ಕಷ್ಟವಾಗಿತ್ತು, ಏಕೆಂದರೆ ಕೈಯೆಲ್ಲ ಎಣ್ಣೆ, ಮೊಬೈಲ್ ಮುಟ್ಟುವ ಹಾಗಿಲ್ಲ, ಬಟ್ಟೆ ಮಡಿಸುವ ಹಾಗಿಲ್ಲ, ಸುಮ್ಮನೆ ಹಿತ್ತಲ ಕಡೆ ನೋಡುತ್ತಾ ಕೂತಿರಬೇಕು. ಈಗ ವಾರವಿಡೀ ಅದಕ್ಕೇ ಕಾಯುತ್ತೇನೆ.

ಎರಡನೇ ವಾರ ಒಂದು ದೊಡ್ಡ ತಪ್ಪು ಮಾಡಿದೆ. ಸ್ನಾನ ಮುಗಿಸಿ ಬಚ್ಚಲಿಗೆ ಸುಮ್ಮನೆ ನೀರು ಹೊಡೆದು ಬಂದೆ. ಹತ್ತು ನಿಮಿಷಕ್ಕೆ ಅಮ್ಮ ವಾಕರ್ ಹಿಡಿದು ಒಳಗೆ ಕಾಲಿಟ್ಟರು, ವಾಕರಿನ ಕಾಲು ಜಾರಿತು. ಗೋಡೆಯ ಹಿಡಿಕೆ ಸಿಕ್ಕಿದ್ದರಿಂದ ಉಳಿದರು. ನನ್ನ ಕೈಕಾಲು ಸಂಜೆವರೆಗೂ ನಡುಗುತ್ತಿತ್ತು. ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಇದನ್ನು ಗಮನಿಸಿ. ಈಗ ನಾನು ಮೊದಲು ಕಡಲೆಹಿಟ್ಟು ಹಚ್ಚಿ ಮೈಯ ಎಣ್ಣೆ ತೆಗೆಯುತ್ತೇನೆ, ಆಮೇಲೆ ತಲೆಗೆ ಗಂಜಿಯಲ್ಲಿ ಕಲಸಿದ ಸೀಗೆಪುಡಿ. ಸ್ನಾನ ಆದ ತಕ್ಷಣ ನೆಲಕ್ಕೆ ಸೋಪಿನ ಪುಡಿ ಹಾಕಿ, ಬಿಸಿನೀರು ಸುರಿದು, ಪೊರಕೆಯಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಬರಿಗಾಲಲ್ಲಿ ನಿಂತು ನೋಡಿದ ಮೇಲೇ ಬಾಗಿಲು ತೆರೆಯೋದು.

ಕೂತು ಊಟ: ಇದರಲ್ಲೇ ಎಲ್ಲಕ್ಕಿಂತ ಜಾಸ್ತಿ ಬದಲಾವಣೆ ಆಗಿದೆ. ದೋಸೆ ದಿನ ನಮ್ಮಂಥ ಮನೆಗಳಲ್ಲಿ ಏನಾಗುತ್ತೆ ನಿಮಗೂ ಗೊತ್ತು ಅಲ್ವಾ? ಎಲ್ಲರಿಗೂ ಹಂಚಿನಿಂದ ಬಿಸಿಬಿಸಿ, ಹುಯ್ಯುವವರಿಗೆ ಕೊನೆಯ ಎರಡು, ಅಷ್ಟು ಹೊತ್ತಿಗೆ ಚಟ್ನಿ ತಳ ಕಂಡಿರುತ್ತದೆ. ಐದನೇ ವಾರ ಮಗನಿಗೆ ಹೇಳಿದೆ, ಮೊದಲ ನಾಲ್ಕು ನಾನು ಹುಯ್ಯುತ್ತೇನೆ, ಆಮೇಲೆ ನೀನು. ಅವನಿಗೆ ಹದಿನೈದು. ಮೊದಲನೇದು ಹರಿದು ಮುದ್ದೆಯಾಯಿತು. ಹಂಚು ಕಾದು ಕೆಂಪಾಗಿತ್ತು, ನೀರು ಚಿಮುಕಿಸಿ ಈರುಳ್ಳಿ ಹೋಳಲ್ಲಿ ಉಜ್ಜೋ ಅಂದೆ, ಚುಯ್ ಅಂತ ಹೊಗೆ ಎದ್ದಿತು. ಮೂರನೇದು ತಟ್ಟೆಗೆ ಬಂತು. ಒಂದು ಅಂಚು ದಪ್ಪ, ಇನ್ನೊಂದು ಅಂಚು ಗರಿಗರಿ, ಮಧ್ಯೆ ಬೆಣ್ಣೆ ಇನ್ನೂ ಕರಗುತ್ತಿದೆ. "ಅಮ್ಮಾ, ಆರೋಕೆ ಮುಂಚೆ ತಿನ್ನು" ಅಂದ. ನಮ್ಮ ಮನೆಯಲ್ಲಿ ನಾನು ಕೂತು, ಬೇರೆಯವರು ಹುಯ್ದ ಬಿಸಿ ದೋಸೆ ತಿಂದಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅಂದಿನಿಂದ ಶನಿವಾರದ ದೋಸೆ ಅವನದೇ. ರಾತ್ರಿ ಪಾತ್ರೆ ನಮ್ಮನೆಯವರದು. ಬಾಯಿಬಿಟ್ಟು ಕೇಳಿದ ಮೇಲೆ ಯಾರೂ ಇಲ್ಲ ಅನ್ನಲಿಲ್ಲ. ಕೇಳದೆ ಹದಿನೇಳು ವರ್ಷ ಕಳೆದಿದ್ದೆ.

ನಡಿಗೆ: ಇದು ಹಿಂದೆ ಬಿದ್ದಿದೆ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಷ್ಟಾದರೂ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೇ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಅಂದುಕೊಂಡೆ. ಜಾಗ ಕುಕ್ಕರಹಳ್ಳಿ ಕೆರೆ. ಪೂರ್ತಿ ಸುತ್ತೋಕೆ ಹೊತ್ತು ಸಾಲಲ್ಲ, ಏರಿ ಮೇಲೆ ಹೋಗಿ ವಾಪಸ್ ಬರುತ್ತೇನೆ. ಬೆಳಿಗ್ಗೆ ಹೆಜ್ಜಾರ್ಲೆಗಳು ನೀರಿಗೆ ಇಳಿಯುವಾಗ ಅಷ್ಟು ದೊಡ್ಡ ಹಕ್ಕಿ ಕಾಲು ಮುಂದೆ ಚಾಚಿ ನೀರಿನ ಮೇಲೆ ಜಾರುತ್ತಾ ಬಂದು ನಿಲ್ಲುತ್ತೆ ನೋಡಿ, ನಾನು ಪ್ರತಿ ಸಲವೂ ನಿಂತುಬಿಡುತ್ತೇನೆ. 11 ವಾರದಲ್ಲಿ 150 ಮುಟ್ಟಿದ್ದು ನಾಲ್ಕೇ ವಾರ. ಕ್ಯಾಲೆಂಡರ್ ನೋಡಿದರೆ ಕಾರಣ ಕಣ್ಣಿಗೆ ಹೊಡೆಯುತ್ತದೆ. ಆಫೀಸಿನಲ್ಲಿ ಜಿಎಸ್‌ಟಿ ತೆರಿಗೆಯ ರಿಟರ್ನ್ ಸಲ್ಲಿಸೋಕೆ ಕೊನೆಯ ದಿನ ಎರಡು: ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಆ ಎರಡು ತಾರೀಖಿನ ಹಿಂದಿನ ಮೂರು ದಿನ ಚೌಕಗಳು ಖಾಲಿ. ಹಾಗಾಗಿ ಆ ದಿನಗಳಿಗೆ ಬೇರೆ ನಿಯಮ ಮಾಡಿದ್ದೇನೆ: ಊಟ ಆದ ಮೇಲೆ ತಾರಸಿಯಲ್ಲಿ ಹತ್ತು ನಿಮಿಷ. ಅದಕ್ಕೂ ನ ಅಂತಲೇ ಬರೆಯುತ್ತೇನೆ.

ಎಂಟನೇ ವಾರ ಚೆನ್ನಾಗಿರಲಿಲ್ಲ. ಅಮ್ಮನಿಗೆ ಜ್ವರ, ಮೂರು ರಾತ್ರಿ ನಿದ್ದೆ ಇಲ್ಲ, ಆಫೀಸಿನಲ್ಲಿ ಕಾರಣವಿಲ್ಲದೆ ಅಳು ಬಂತು. ಎಣ್ಣೆ ನೀರಿನಿಂದ ಸರಿಹೋಗುವ ಸುಸ್ತಲ್ಲ ಇದು ಅಂತ ನನಗೇ ಅನ್ನಿಸಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಿದೆ. ಆ ಕಡೆಯವರು ಅವಸರ ಮಾಡಲಿಲ್ಲ. ನಂಬರ್ ಬರೆದಿಟ್ಟುಕೊಳ್ಳಿ.

ಮರುವಾರ ಭಾನುವಾರ ಬಟ್ಟಲು ಹಿಡಿದು ಬರುವಾಗ ಅಮ್ಮ ಕುರ್ಚಿಯಿಂದಲೇ, "ಬಾ ಇಲ್ಲಿ, ಕೆಳಗೆ ಕೂತ್ಕೋ ಪುಟ್ಟಿ, ನಾನು ಒತ್ತುತೀನಿ. ಮುರಿದಿರೋದು ಸೊಂಟ, ಕೈಯಲ್ಲ" ಅಂದರು. ಬಳೆ ಮೇಲಕ್ಕೆ ಸರಿಸಿ, ಅಂಗೈಯಲ್ಲಿ ಎಣ್ಣೆ ತುಂಬಿಕೊಂಡು ನೆತ್ತಿಗೆ ಟಪಟಪ ತಟ್ಟಿದರು. ಮೊದಲಿನ ಬಿಗಿ ಇಲ್ಲ, ಆದರೆ ತಾಳ ಅದೇ. ನಾನು ಇಷ್ಟು ದಿನ ಅವರನ್ನು ನೋಡಿಕೊಳ್ಳುವುದರಲ್ಲೇ ಇದ್ದೆ, ಅವರಿಗೂ ನನಗೇನಾದರೂ ಮಾಡಬೇಕು ಅಂತ ಇತ್ತು ಅನ್ನೋದು ತಲೆಗೆ ಹೊಳೆದಿರಲಿಲ್ಲ. ಈಗ ಮೂರು ವಾರದಿಂದ ಅವರೇ ಒತ್ತುತ್ತಿದ್ದಾರೆ.

ಮುಂದಿನ ಭಾನುವಾರ 20ನೇ ತಾರೀಖು, ನಾನು ಆಫೀಸಿನಲ್ಲಿರುತ್ತೇನೆ. ಎಣ್ಣೆ ನೀರನ್ನು ಶನಿವಾರಕ್ಕೆ ಹಾಕಿದ್ದೇನೆ, ದೋಸೆ ಆದ ಮೇಲೆ. ಹರಳೆಣ್ಣೆ ಮುಗೀತಾ ಬಂದಿದೆ, ಗಾಣದಿಂದ ಅರ್ಧ ಲೀಟರ್ ತರಬೇಕು.